3090 ಗ್ರಾಫಿಕ್ಸ್ ಕಾರ್ಡ್ ಒಂದನ್ನೇ ಓವರ್‌ಕ್ಲಾಕ್ ಮಾಡ್ಲೋ, ಇನ್ನೊಂದು 3090 ತಂದು ಜೋಡಿ ಹಾಕ್ಲೋ? ನಮ್ ಕಡಿ ಬಿಸಿಲಿಗಿ ಯಾವುದು ನಡೀತದ?

ಸೇಡಂ ರೋಡ್ ಗೇಮರ್, ಕಲಬುರಗಿ:

ಎಲ್ಲಾರಿಗೂ ನಮಸ್ಕಾರ್ರೀ. ಜರಾ ಉದ್ದ ಬರೀಲಕತ್ತೀನಿ, ಪೂರಾ ಓದಿ ಹೇಳ್ರಿ.

ನನ್ನ ಕಡೆ ಸೆಕೆಂಡ್ ಹ್ಯಾಂಡ್ ಆರ್‌ಟಿಎಕ್ಸ್ 3090 ಅದ, ಮೂರು ಫ್ಯಾನಿಂದು, ಸಿಕಂದರಾಬಾದಿಂದ ತಂದದ್ದು. ರೈಜನ್ 7 5800ಎಕ್ಸ್, ಬಿ550 ಬೋರ್ಡು, 32 ಜಿಬಿ ರ್‍ಯಾಮ್, 850 ವ್ಯಾಟ್ ಗೋಲ್ಡ್ ಪವರ್ ಸಪ್ಲೈ. ಮೊದಲು 1440ಪಿ ಮಾನಿಟರ್ ಇತ್ತು, ಆವಾಗ ಏನೂ ತಕರಾರ್ ಇರ್ಲಿಲ್ಲ. ಈಗ 4ಕೆ 144 ಹರ್ಟ್ಜ್ ತಗೊಂಡೀನಿ, ತಗೊಂಡ ಮ್ಯಾಲ ಹೊಸ ಗೇಮಿಗಿ ಫ್ರೇಮ್ ಸಾಲ್ತಿಲ್ಲ. ಸೈಬರ್‌ಪಂಕ್ ಗೇಮಿಗಿ ರೇ ಟ್ರೇಸಿಂಗ್ (ಬೆಳಕು ನೆರಳಿನ ಲೆಕ್ಕ) ಹಚ್ಚಿ ಡಿಎಲ್‌ಎಸ್‌ಎಸ್ (ಸಣ್ಣ ಚಿತ್ರ ಬಿಡಿಸಿ ದೊಡ್ಡದು ಮಾಡೋ ತಂತ್ರ) ಕ್ವಾಲಿಟಿ ಇಟ್ರ 40-45 ಎಫ್‌ಪಿಎಸ್ (ಸೆಕೆಂಡಿಗಿ ಅಷ್ಟು ಫ್ರೇಮ್) ಸುತ್ತ ಆಡ್ತದ, ಜನ ತುಂಬಿದ ಏರಿಯಾಕ್ಕ ಹೋದ್ರ ಇನ್ನೂ ಕೆಳಗ.

ಈಗ ಎರಡು ದಾರಿ ಕಾಣ್ಲಕತ್ತಾವ. ಒಂದು, ಇದ್ದ ಕಾರ್ಡನ್ನೇ ಆಫ್ಟರ್‌ಬರ್ನರ್ ಅನ್ನೋ ಪ್ರೋಗ್ರಾಂ ಹಾಕಿ ಓವರ್‌ಕ್ಲಾಕ್ ಮಾಡೋದು, ಅಂದ್ರ ಕಂಪನಿ ಇಟ್ಟ ವೇಗಕ್ಕಿಂತ ಜಾಸ್ತಿ ಓಡಿಸೋದು, ಪವರ್ ಲಿಮಿಟ್ ಪೂರಾ ಏರಿಸಿ. ಎರಡು, ನನ್ನ ದೋಸ್ತ ಒಬ್ಬ ತನ್ನ 3090 ಮಾರ್ಲಕತ್ತಾನ, ಭಾಳ ಕಮ್ಮಿಗಿ ಕೊಡ್ತೀನಂತಾನ, ಅದನ್ನ ತಂದು ಬ್ರಿಜ್ ಹಾಕಿ ಎರಡೂ ಜೋಡಿ ಓಡಿಸೋದು. 30ರ ಸೀರೀಸ್‌ನಾಗ 3090, 3090 ಟಿಐಗಿ ಮಾತ್ರ ಎನ್‌ವಿಲಿಂಕ್ (ಎರಡು ಕಾರ್ಡ್ ಜೋಡಿಸೋ ಬ್ರಿಜ್) ಅದ ಅಂತ ಓದೀನಿ, ಹಂಗಂದ್ರ ನಂದು ಆಗಬೇಕಲ್ಲ? ಇಲ್ಲೇ ಒಂದು ಅಂಗಡ್ಯಾಗ ಕೇಳಿದ್ರ ಎರಡು ಕಾರ್ಡಿಗಿ ಡಬಲ್ ಎಫ್‌ಪಿಎಸ್, 48 ಜಿಬಿ ಮೆಮೊರಿ ಅಂದ್ರು.

ನನ್ನ ರೂಮು ಮ್ಯಾಲಿನ ಮಾಳಿಗಿ, ಎಸಿ ಇಲ್ಲ, ಏರ್ ಕೂಲರ್ ಅದ. ಶರಣಬಸಪ್ಪನ ತೇರು ಎಳದ ಮ್ಯಾಲ ನಮ್ಮೂರ ಬಿಸಿಲು ಹ್ಯಾಂಗ ಇರ್ತದ ನಿಮಗ ಗೊತ್ತೇ ಅದ. ಅದಕ್ಕ ಬೆಂಗಳೂರಿನವ್ರು ಹೇಳೋ ಸಲಹೆ ಬ್ಯಾಡ, ನಮ್ ಕಡಿಯವ್ರೇ ಹೇಳ್ರಿ.

ಭೀಮಾ ದಂಡಿ, ಯಾದಗಿರಿ:

ತಮ್ಮಾ, ಎರಡನೇ ಕಾರ್ಡ್ ಗೇಮಿಗಿ ಅಂತ ತರಬ್ಯಾಡ. ನಾ ಹಿಂದಕ ಎರಡು ಜಿಟಿಎಕ್ಸ್ 970 ಎಸ್‌ಎಲ್‌ಐ (ಎನ್‌ವಿಡಿಯಾದ ಜೋಡಿ ಕಾರ್ಡ್ ಪದ್ಧತಿ) ಮಾಡಿ ವರ್ಷಗಟ್ಟಲೆ ಆಡೀನಿ, ಆವಾಗ ಅದರಾಗ ಮಜಾ ಇತ್ತು, ಅದರ ಒಳಗಿನ ಲೆಕ್ಕ ಗೊತ್ತದ ಅಂತ ಹೇಳ್ಲಕತ್ತೀನಿ.

ಎರಡು ಕಾರ್ಡ್ ಹಾಕಿದ್ರ ಎರಡೂ ಕೂಡಿ ಒಂದು ಚಿತ್ರ ಬಿಡಸ್ತಾವ ಅಂತ ಜನ ತಿಳ್ಕೊಂಡಾರ. ಹಂಗಲ್ಲ. ಒಂದು ಫ್ರೇಮ್ ಮ್ಯಾಲಿನ ಕಾರ್ಡ್ ಬಿಡಸ್ತದ, ಮುಂದಿನ ಫ್ರೇಮ್ ಕೆಳಗಿನ ಕಾರ್ಡ್ ಬಿಡಸ್ತದ, ಪಾಳಿ ಪ್ರಕಾರ. ಎತ್ತಿನ ಜೋಡಿಯಂಗ ಇಬ್ಬರೂ ಒಂದೇ ಹೆಜ್ಜಿ ಹಾಕಿದ್ರ ಮಾತ್ರ ಸಾಲು ನೆಟ್ಟಗ ಬರ್ತದ. 60 ಎಫ್‌ಪಿಎಸ್ ಅಂದ್ರ ಒಂದೊಂದು ಫ್ರೇಮಿಗಿ 16.7 ಮಿಲಿಸೆಕೆಂಡ್ ಆಗಬೇಕು, ಆದ್ರ ಪಾಳಿ ತಪ್ಪಿದ್ರ ಒಂದು ಫ್ರೇಮ್ 6ಕ್ಕ ಬರ್ತದ, ಮುಂದಿಂದು 27ಕ್ಕ ಬರ್ತದ. ಮೂಲ್ಯಾಗಿನ ಕೌಂಟರ್ 60 ಅಂತಾನೇ ತೋರಸ್ತದ, ಕಣ್ಣಿಗಿ ಮಾತ್ರ 40ರಂಗ ಕಾಣಸ್ತದ. ಮೈಕ್ರೋ ಸ್ಟಟರ್ ಅಂದ್ರ ಇದೇ. ಕ್ಯಾಮೆರಾ ನಿಧಾನ ತಿರುಗಿಸಿದಾಗ ಗೋಡಿ ಅಂಚು ತಡವರಿಸಿ ತಡವರಿಸಿ ಹೋಗೋದು ಕಾಣ್ತಿತ್ತು.

ಇನ್ನ ಮೆಮೊರಿ. ಗೇಮಿನಾಗ 24 ಮತ್ತ 24 ಕೂಡಿ 48 ಆಗಲ್ಲ. ಎರಡೂ ಕಾರ್ಡಿಗಿ ಅದೇ ಟೆಕ್ಸ್‌ಚರ್ ಬೇಕಲ್ಲ, ಅದಕ್ಕ ಎರಡರಾಗೂ ಒಂದೇ ಮಾಲು ಕಾಪಿ ಆಗಿ ಕೂಡ್ತದ, ನಿನ್ನ ಲೆಕ್ಕಕ ಬರೋದು 24ಏ. ಅಂಗಡಿಯವ್ರು ಹೇಳಿದ್ದು ತಪ್ಪು.

ಇದು ಯಾಕ ಸತ್ತು ಹೋಯ್ತು ಅಂತ ಕೇಳಿದ್ರ, ಹೊಸ ಗೇಮಿನ ತಂತ್ರಾನೇ ಇದಕ ಒಗ್ಗಲಿಲ್ಲ. ಈಗಿನ ಗೇಮ್ ಎಲ್ಲಾ ಹಿಂದಿನ ಫ್ರೇಮ್ ನೋಡಿ ಮುಂದಿಂದು ತಯಾರ್ ಮಾಡ್ತಾವ, ಅಂಚು ನುಣ್ಣಗ ಮಾಡೋ ಟಿಎಎ ಹಂಗೇ, ಡಿಎಲ್‌ಎಸ್‌ಎಸ್ ಹಂಗೇ. ಹಿಂದಿನ ಫ್ರೇಮ್ ಇನ್ನೊಂದು ಕಾರ್ಡಿನ ಮೆಮೊರಿದಾಗ ಕೂತಿದ್ರ ಅದನ್ನ ಬ್ರಿಜ್ ದಾಟಿಸಿ ತರೋ ತನಕ ಕಾಯ್ಬೇಕು. ಕಾಯೋದಾದ್ರ ಎರಡು ಕಾರ್ಡ್ ಯಾಕ ಬೇಕು?

ಎನ್‌ವಿಡಿಯಾ 2004ರಾಗ ಎಸ್‌ಎಲ್‌ಐ ತಂತು, ಎಟಿಐ ಮರು ವರ್ಷ ಅಂಥದ್ದೇ ಕ್ರಾಸ್‌ಫೈರ್ ತಂತು. ಅದಕ್ಕೂ ಮೊದಲು 1998ರಾಗ 3ಡಿಎಫ್ಎಕ್ಸ್‌ದ ವೂಡೂ 2 ಕಾರ್ಡ್ ಜೋಡಿ ಓಡ್ತಿದ್ವು, ಅದರಾಗ ಒಂದು ಕಾರ್ಡ್ ಒಂದು ಗೆರಿ, ಇನ್ನೊಂದು ಕಾರ್ಡ್ ಇನ್ನೊಂದು ಗೆರಿ ಬಿಡಸ್ತಿತ್ತು. ಎಸ್‌ಎಲ್‌ಐ ಬಂದಾಗಿಂದ ಡ್ರೈವರ್‌ನಾಗ ಒಂದೊಂದು ಗೇಮಿಗಿ ಜೋಡಿ ಕಾರ್ಡ್ ಓಡಿಸೋ ಒಂದೊಂದು ಪ್ರೊಫೈಲ್ ಕೊಡ್ತಿದ್ರು. ನಾವು ಹೊಸ ಗೇಮ್ ಬಂತಂದ್ರ ಪ್ರೊಫೈಲ್ ದಾರಿ ಕಾಯ್ತಿದ್ವಿ, ಅದು ಬರೋ ತನಕ ಕೆಳಗಿನ ಕಾರ್ಡ್ ಸುಮ್ನ ಕೂತಿರ್ತಿತ್ತು. 2016ರಾಗ 1060ಕ್ಕ ಎಸ್‌ಎಲ್‌ಐ ತೆಗದ್ರು, 1080ಕ್ಕ ಎರಡೇ ಕಾರ್ಡ್ ಅಂದ್ರು. 2021 ಜನವರಿ 1ರಿಂದ ಹೊಸ ಪ್ರೊಫೈಲ್ ಕೊಡೋದೇ ಬಂದ್ ಮಾಡಿದ್ರು. ನಿನ್ನ 3090ಕ್ಕ ಬ್ರಿಜ್ ಹಾಕೋ ಜಾಗ ಅದ ಖರೇ, ಆದ್ರ ಗೇಮ್ ಮಾಡಿದವ್ರೇ ಗೇಮಿನ ಒಳಗ ಬರೆದಿದ್ರ ಮಾತ್ರ ಎರಡನೇ ಕಾರ್ಡ್ ಏಳ್ತದ. ಅಂಥ ಗೇಮ್ ಬೆರಳೆಣಿಕಿ: ಶ್ಯಾಡೋ ಆಫ್ ದ ಟೂಂಬ್ ರೇಡರ್, ರೆಡ್ ಡೆಡ್ ರಿಡೆಂಪ್ಷನ್ 2 ವಲ್ಕನ್ ಮೋಡಿನಾಗ, ಸ್ನೈಪರ್ ಎಲೀಟ್ 4, ಸ್ಟ್ರೇಂಜ್ ಬ್ರಿಗೇಡ್, ಇಂಥವು. ಸೈಬರ್‌ಪಂಕ್ ಆ ಪಟ್ಟಿದಾಗ ಇಲ್ಲ. 2022ರ 4090ಕ್ಕಂತೂ ಬ್ರಿಜ್ ಹಾಕೋ ಜಾಗಾನೇ ಇಲ್ಲ.

ಮತ್ತ ನಿಂದು ಬಿ550 ಬೋರ್ಡ್. ಹೆಚ್ಚಿನ ಬಿ550ರಾಗ ಎರಡನೇ ಉದ್ದ ಸ್ಲಾಟಿಗಿ ಚಿಪ್‌ಸೆಟ್‌ನಿಂದ ನಾಕೇ ಲೇನ್ (ಡೇಟಾ ಹಾದಿ) ಬರ್ತಾವ. ಎಸ್‌ಎಲ್‌ಐಗಿ ಎಂಟು ಎಂಟು ಬೇಕು. ಹಂಗಾಗಿ ಬೋರ್ಡ್ ಬದಲಿ, ಸಪ್ಲೈ ಬದಲಿ, ಕ್ಯಾಬಿನೆಟ್ ಬದಲಿ. ದೋಸ್ತ ಕಮ್ಮಿಗಿ ಕೊಟ್ರೂ ಅದು ಕಮ್ಮಿ ಆಗಲ್ಲ.

ಶಹಾಬಾದ್ ಪರಸಿ, ಕಲಬುರಗಿ:

ಭೀಮಾ ದಂಡಿ ಅಣ್ಣ ಹೇಳಿದ್ದಕ್ಕ ನಂದೂ ಸೈ. ನಾ ಸೂಪರ್ ಮಾರ್ಕೆಟ್ ಕಡೆ ಕಂಪ್ಯೂಟರ್ ರಿಪೇರಿ ಕೆಲಸ ಮಾಡ್ತೀನಿ, ಬ್ಯಾಸಿಗ್ಯಾಗ ನನ್ನ ಟೇಬಲ್ ಮ್ಯಾಲ ಬರೋವು ಇವೇ ದೊಡ್ಡ ಕಾರ್ಡುಗಳು. ಅದಕ್ಕ ಓವರ್‌ಕ್ಲಾಕ್ ಬಗ್ಗೆ ನಾ ಹೇಳ್ತೀನಿ.

ಮೊದಲು ಬಿಸಿಲಿನ ಲೆಕ್ಕ ತಿಳ್ಕೋರಿ. ವಿಡಿಯೋದಾಗ ರಿವ್ಯೂ ಮಾಡೋವ್ರು 22 ಡಿಗ್ರಿ ರೂಮಿನಾಗ ಕೂತು ಕಾರ್ಡ್ 70 ಡಿಗ್ರಿ ಅಂತ ತೋರಸ್ತಾರ. ಕಾರ್ಡ್ ತಣ್ಣಗಾಗೋದು ರೂಮಿನ ಗಾಳಿಯಿಂದಲೇ, ಹಂಗಾಗಿ ರೂಮಿಗಿಂತ 48 ಡಿಗ್ರಿ ಮ್ಯಾಲ ಅಂತ ಓದ್ಕೋಬೇಕು. ನಿಮ್ಮ ಮಾಳಿಗಿ ರೂಮು ಮೇ ತಿಂಗಳ ಸಂಜಿಮುಂದ 38 ಇರ್ತದ, ಹೊರಗ 42-43 ಇದ್ರ ಇನ್ನೂ ಜಾಸ್ತಿ. 38ಕ್ಕ 48 ಕೂಡಿಸ್ರಿ, 86. ಆದ್ರ 3090 83 ಡಿಗ್ರಿಗೇ ಕ್ಲಾಕ್ ಇಳಸ್ಲಕ ಶುರು ಮಾಡ್ತದ. ಅಂದ್ರ ನೀವು ಓವರ್‌ಕ್ಲಾಕ್ ಹಾಕಿದ್ರೂ ಅದು ತಾನೇ ಇಳಸ್ಕೋತದ, ನಿಮಗ ಉಳಿಯೋದು ಫ್ಯಾನಿನ ಸಪ್ಪಳ ಅಷ್ಟೇ.

ಎರಡನೇದು ಭಾಳ ಮುಖ್ಯ. 3090ರ ಮೆಮೊರಿ 24 ಚಿಪ್ಪು, ಒಂದೊಂದು 1 ಜಿಬಿದು, 12 ಮುಂದ 12 ಹಿಂದ. ಮುಂದಿನವಕ್ಕ ಹೀಟ್‌ಸಿಂಕ್ ಅದ ಫ್ಯಾನ್ ಅದ. ಹಿಂದಿನ 12ಕ್ಕ ಏನೂ ಇಲ್ಲ, ಬರೇ ಒಂದು ಬ್ಯಾಕ್‌ಪ್ಲೇಟ್, ನಡುವ ತೆಳ್ಳನ ಥರ್ಮಲ್ ಪ್ಯಾಡ್. ಒಂದು ತಾಸು ಗೇಮ್ ಆಡಿ ಆ ಪ್ಲೇಟಿಗಿ ಬೆರಳು ಹಚ್ರಿ, ಇಡ್ಲಿಕ್ಕಾಗಲ್ಲ. ಅವು ಜಿಡಿಡಿಆರ್6ಎಕ್ಸ್ ಚಿಪ್ಪು, 110 ಡಿಗ್ರಿಗಿ ಹೋದ್ರ ಕಾರ್ಡ್ ತನ್ನಷ್ಟಕ ತಾನೇ ನಿಧಾನ ಆಗ್ತದ. ಆಫ್ಟರ್‌ಬರ್ನರ್‌ನಾಗ ಕಾಣೋ ಟೆಂಪರೇಚರ್ ಕೋರಿಂದು, ಮೆಮೊರಿದಲ್ಲ. ಹೆಚ್‌ಡಬ್ಲ್ಯುಇನ್ಫೋ ಅನ್ನೋ ಪ್ರೋಗ್ರಾಂ ಹಾಕ್ರಿ, ಅದರಾಗ ಮೆಮೊರಿ ಜಂಕ್ಷನ್ ಅಂತ ಸಾಲು ಬರ್ತದ, ಅದನ್ನ ನೋಡ್ರಿ. ನನ್ನ ಕಡೆ ಬಂದ ಕಾರ್ಡಿನಾಗ ಕೋರ್ 76 ಇದ್ದಾಗ ಮೆಮೊರಿ 106-108 ಇದ್ದದ್ದು ನೋಡೀನಿ, ಯಜಮಾನ್ರು ಮಾತ್ರ ಟೆಂಪರೇಚರ್ ಛಲೋ ಅದ ಅಂತ ಇನ್ನೂ ಏರಸ್ಲಕ ಹೊಂಟಿದ್ರು.

ಈಗ ಎರಡು 3090 ಒಂದರ ಮ್ಯಾಲ ಒಂದು ಹಾಕಿದ್ರ ಏನಾಗ್ತದ ನೋಡ್ರಿ. ಮ್ಯಾಲಿನ ಕಾರ್ಡಿನ ಫ್ಯಾನ್ ಕೆಳಗಿನ ಕಾರ್ಡಿನ ಆ ಸುಡೋ ಬ್ಯಾಕ್‌ಪ್ಲೇಟಿನ ಗಾಳಿ ಎಳ್ಕೋತದ. 350 ಮತ್ತ 350, 700 ವ್ಯಾಟ್ ಝಳ ಒಂದೇ ಡಬ್ಬಿ ಒಳಗ, ಪ್ರೊಸೆಸರ್ ಬ್ಯಾರೆ. ರೂಮಿನಾಗ ಹೀಟರ್ ಹಚ್ಚಿಟ್ಟು ಕೂಲರ್ ಹಾಕ್ಕೊಂಡು ಕೂತ ಲೆಕ್ಕ ಆಯ್ತು. ಕರೆಂಟ್ ಕಡೆನೂ ನೋಡ್ರಿ, ಪೂರಾ ಲೋಡಿನಾಗ ಗೋಡಿಯಿಂದ ಸಾವಿರ ವ್ಯಾಟ್ ಸುತ್ತ ಎಳೀತದ, ಮನಿಗಿ ಹಾಕೋ 1000 ವಿಎ ಯುಪಿಎಸ್ ಸಾಮಾನ್ಯ 600 ವ್ಯಾಟಿಂದು, ಅದು ತಡಿಯಲ್ಲ. 3090 ಒಂದೇ ಇದ್ರೂ ಕೆಲವು ಮಿಲಿಸೆಕೆಂಡ್ ಮಟ್ಟಿಗಿ 350ಕ್ಕಿಂತ ಎಷ್ಟೋ ಮ್ಯಾಲ ಜಿಗೀತದ, ಅದಕ್ಕೇ ಹಗುರ ಸಪ್ಲೈ ಇದ್ದವ್ರ ಮಷೀನು ಗೇಮ್ ನಡುವ ಪಟ್ಟನೆ ಬಂದ್ ಆಗ್ತಾವ. ನಿಮ್ಮ 850 ಒಂದು ಕಾರ್ಡಿಗಿ ಸಾಕು, ಎರಡಕ ಸಾಲಲ್ಲ.

ಕೂಲರ್ ಬಗ್ಗೆ ಒಂದು ಮಾತು: ನೀರಿನ ಕೂಲರ್ ಗಾಳಿ ಸೀದಾ ಕ್ಯಾಬಿನೆಟ್ ಮ್ಯಾಲ ಬಿಡಬ್ಯಾಡ್ರಿ. ತಂಪನ್ನಿಸ್ತದ, ಆದ್ರ ಹಸಿ ಗಾಳಿ ಮತ್ತ ನಮ್ಮೂರ ಧೂಳ ಕೂಡಿ ಹೀಟ್‌ಸಿಂಕ್ ಸಂದ್ಯಾಗ ಕೆಸರಿನಂಗ ಮೆತ್ಕೋತದ, ಬ್ಲೋವರ್‌ಗೂ ಹೋಗಲ್ಲ, ಬ್ರಶ್ ಹಚ್ಚಿ ಕೆರೀಬೇಕಾಗ್ತದ. ಕೂಲರ್ ಕಿಡಕಿ ಕಡೆ ಇಡ್ರಿ, ಎದುರಿನ ಬಾಗಲ ತೆಗೀರಿ, ಗಾಳಿ ಹಾದು ಹೋಗ್ಲಿ.

ಸೇಡಂ ರೋಡ್ ಗೇಮರ್, ಕಲಬುರಗಿ:

ಇಬ್ರಿಗೂ ಭಾಳ ಉಪಕಾರ. ಎರಡನೇ ಕಾರ್ಡಿನ ಆಸೆ ಬಿಟ್ಟೆ. ಆದ್ರ ಪರಸಿ ಅಣ್ಣಾ, ಓವರ್‌ಕ್ಲಾಕ್‌ದಿಂದ ಬಿಲ್ಕುಲ್ ಫಾಯ್ದಾ ಇಲ್ಲೇನು? ಹಿಂದಿನ ಕಾರ್ಡಿನಾಗ 15-20 ಪರ್ಸೆಂಟ್ ಬರ್ತಿತ್ತು ಅಂತ ಎಲ್ಲಾರೂ ಬರೆದಾರಲ್ಲ. ಮತ್ತ ನೀವು ಹೇಳಿದ ಮೆಮೊರಿ ಜಂಕ್ಷನ್ ನೋಡ್ದೆ, ನಿನ್ನೆ ರಾತ್ರಿ ಆಡುವಾಗ 102 ತೋರಿಸ್ತು. ಇದು ಅಂಜೋ ವಿಷಯಾನಾ?

ಕಾಲೇಜ್ ಕಟ್ಟಿ, ಕಲಬುರಗಿ:

ನಾನು ಸ್ವಲ್ಪ ಬೇರೆ ಮಾತು ಹೇಳ್ತೀನಿ, ಬೇಜಾರಾಗಬೇಡಿ. ಓವರ್‌ಕ್ಲಾಕ್ ದಂಡ ಅಂತ ಪೂರ್ತಿ ತಳ್ಳಿ ಹಾಕೋದು ಸರಿ ಅಲ್ಲ ಅನ್ಸುತ್ತೆ. ಡಿಸೆಂಬರ್ ಜನವರಿಲಿ ನಮ್ಮೂರಲ್ಲೂ ರಾತ್ರಿ ರೂಮು 22-23 ಇರುತ್ತೆ, ಆಗ ಹೆಡ್‌ರೂಮ್ (ಏರಿಸೋಕೆ ಜಾಗ) ಇದ್ದೇ ಇರುತ್ತೆ. 4ಕೆನಲ್ಲಿ ಮೆಮೊರಿ ಬ್ಯಾಂಡ್‌ವಿಡ್ತ್ ಮುಖ್ಯ ಆಗುತ್ತೆ, ಹಾಗಾಗಿ ಕೋರ್‌ಗಿಂತ ಮೆಮೊರಿ ಏರಿಸಿದ್ರೆ ಲಾಭ. ನಾನು 3080ರಲ್ಲಿ ಮೆಮೊರಿಗೆ 500 ಮೆಗಾಹರ್ಟ್ಜ್ ಜಾಸ್ತಿ ಹಾಕಿ ಒಂದು ಚಳಿಗಾಲ ಪೂರ್ತಿ ಆಡಿದ್ದೀನಿ, ಒಂದು ಸಲನೂ ಕ್ರ್ಯಾಶ್ ಆಗಿಲ್ಲ. ಕಾರ್ಡಿನ ತಾಕತ್ತು ಎಷ್ಟಿದೆಯೋ ಅಷ್ಟು ತೆಗೀಬೇಕು ಅನ್ನೋದು ನನ್ನ ಅಭಿಪ್ರಾಯ, ಅದಕ್ಕೇ ಅಲ್ವಾ ದುಡ್ಡು ಕೊಟ್ಟಿರೋದು.

ಶಹಾಬಾದ್ ಪರಸಿ, ಕಲಬುರಗಿ:

ಕಟ್ಟಿ ಸರ್, ಬೇಜಾರ್ ಏನಿಲ್ಲ, ಚಳಿಗಾಲದ ಮಾತು ಒಪ್ಪೀನಿ. ಆದ್ರ ಕ್ರ್ಯಾಶ್ ಆಗಿಲ್ಲ ಅನ್ನೋದು ಜಿಡಿಡಿಆರ್6ಎಕ್ಸ್‌ನಾಗ ಗುರುತೇ ಅಲ್ಲ. ಆ ಮೆಮೊರಿ ಡೇಟಾ ಕಳಸುವಾಗ ತಪ್ಪಾದ್ರ ತಾನೇ ಹಿಡದು ಮತ್ತೊಮ್ಮೆ ಕಳಸ್ತದ. ಹಂಗಾಗಿ ನೀವು ಜಾಸ್ತಿ ಏರಿಸಿದ್ರ ಚಿತ್ರ ಕೆಡಲ್ಲ, ಗೇಮ್ ಬೀಳಲ್ಲ, ಸುಮ್ನ ಎಫ್‌ಪಿಎಸ್ ಕಮ್ಮಿ ಆಗ್ತಾ ಹೋಗ್ತದ, ಯಾಕಂದ್ರ ಅದೇ ಮಾಲು ಎರಡೆರಡು ಸಲ ಹೊರ್ಲಕತ್ತಿರ್ತದ. ನಂಬರ್ ಏರ್ಯಾದ ಅಂತ ನಾವು ಖುಷಿ ಪಡ್ತೀವಿ, ಸ್ಕೋರ್ ಇಳಿದಿರ್ತದ. ಅದಕ್ಕ 100-100 ಏರಸ್ತಾ ಪ್ರತಿ ಸಲ ಸೂಪರ್‌ಪೊಸಿಷನ್ ಅನ್ನೋ ಟೆಸ್ಟ್ ಓಡ್ಸಿ ಸ್ಕೋರ್ ಬರ್ಕೋಬೇಕು, ಎಲ್ಲಿ ಸ್ಕೋರ್ ಏರೋದು ನಿಂತದ ಅಲ್ಲಿಂದ ಎರಡು ಹೆಜ್ಜಿ ಹಿಂದಕ ಬರಬೇಕು. ನಿಮ್ಮ 3080ರಾಗ ಚಿಪ್ಪು ಎಲ್ಲಾ ಮುಂದೇ ಅವ, 3090ರಾಗ ಹಿಂದಿನ 12ರ ಹಣೆಬರ ಬ್ಯಾರೆ.

ಸೇಡಂ ರೋಡ್ ತಮ್ಮಾ, 15-20 ಪರ್ಸೆಂಟ್ ಖರೇನೇ ಇತ್ತು, ಹಳೇ ಮಾತು. 2015ರ 980 ಟಿಐಗಿ ಬೂಸ್ಟ್ (ಕಾರ್ಡ್ ತಾನೇ ಏರೋ ವೇಗ) 1075 ಮೆಗಾಹರ್ಟ್ಜ್ ಅಂತ ಬರೆದಿದ್ರು, ಅದು 1400 ದಾಟಿ ಹೋಗ್ತಿತ್ತು, ಕಂಪನಿಯವ್ರೇ ಅಷ್ಟು ಜಾಗ ಬಿಟ್ಟಿದ್ರು. ಈಗ ಬಿಟ್ಟಿಲ್ಲ. ಈಗಿನ ಕಾರ್ಡ್ ಟೆಂಪರೇಚರ್, ವೋಲ್ಟೇಜ್, ಪವರ್ ಮೂರೂ ನೋಡಿ ತಾನೇ ಎಷ್ಟು ಏರಬಹುದೋ ಅಷ್ಟು ಏರ್ಕೊಂಡೇ ಬರ್ತದ. 3090ಕ್ಕ ಪೇಪರ್ ಮ್ಯಾಲ ಬೂಸ್ಟ್ 1695, ನಿಮ್ಮ ಕಾರ್ಡ್ ಈಗಾಗಲೇ 1800 ಮ್ಯಾಲ ಓಡ್ಲಕತ್ತಿರಬೇಕು, ನೋಡ್ರಿ. ಅದರ ಮ್ಯಾಲ ನೀವು 100 ಹಾಕಿದ್ರ ಐದು ಪರ್ಸೆಂಟ್ ಕ್ಲಾಕ್, ಗೇಮಿನಾಗ ಅಷ್ಟೂ ಬರಲ್ಲ. 45 ಇದ್ದದ್ದು 47 ಆಗ್ತದ. ಅದಕ್ಕ 40-50 ವ್ಯಾಟ್ ಜಾಸ್ತಿ ಸುಡಬೇಕು.

ನಿಮಗ ಬೇಕಾದದ್ದು ಅದರ ಉಲ್ಟಾ, ಅಂಡರ್‌ವೋಲ್ಟ್, ಅಂದ್ರ ಚಿಪ್ಪಿನ ವೋಲ್ಟೇಜ್ ಇಳಸೋದು. ಚಿಪ್ಪು ಎಳಿಯೋ ಪವರ್ ಕ್ಲಾಕಿಗಿ ಸೀದಾ ಏರ್ತದ, ಆದ್ರ ವೋಲ್ಟೇಜಿಗಿ ವರ್ಗದ ಲೆಕ್ಕದಾಗ ಏರ್ತದ. 1.0 ವೋಲ್ಟ್ ಇದ್ದದ್ದು 0.85ಕ್ಕ ತಂದ್ರ, 0.85 ಗುಣಿಲೆ 0.85 ಅಂದ್ರ 0.72, ಅದೇ ಕ್ಲಾಕಿಗಿ ಕೋರಿನ ಪಾಲಿನ ಪವರ್ ನೂರಕ್ಕ 28 ಕಮ್ಮಿ. ಕಂಪನಿಯವ್ರು ಎಲ್ಲಾ ಚಿಪ್ಪಿಗೂ ನಡೀಲಿ ಅಂತ ವೋಲ್ಟೇಜ್ ಜಾಸ್ತಿನೇ ಇಟ್ಟಿರ್ತಾರ, ಛಲೋ ಚಿಪ್ಪಿಗಿ ಅಷ್ಟು ಬೇಕಾಗಲ್ಲ.

ಮಾಡೋದು ಹಿಂಗ. ಆಫ್ಟರ್‌ಬರ್ನರ್ ತೆಗದು ಕಂಟ್ರೋಲ್ ಹಿಡದು ಎಫ್ ಒತ್ರಿ, ಒಂದು ಗೆರಿ ಏರ್ಕೊಂಡು ಹೋಗೋ ಚಿತ್ರ ಬರ್ತದ, ಕೆಳಗ ಮಿಲಿವೋಲ್ಟ್, ಪಕ್ಕದಾಗ ಮೆಗಾಹರ್ಟ್ಜ್. ಮೊದಲು ಕೋರ್ ಕ್ಲಾಕ್ ಮೈನಸ್ 250 ಹಾಕಿ ಟಿಕ್ ಒತ್ರಿ, ಪೂರಾ ಗೆರಿ ಕೆಳಗ ಇಳೀತದ. ಆಮ್ಯಾಲ 850 ಮಿಲಿವೋಲ್ಟ್ ಮ್ಯಾಲಿನ ಚೌಕ ಒಂದನ್ನೇ ಹಿಡದು 1770ಕ್ಕ ಎತ್ರಿ, ಮತ್ತ ಟಿಕ್ ಒತ್ರಿ. ಅದರ ಬಲಗಡಿದು ಎಲ್ಲಾ ಅದೇ ಎತ್ತರಕ ಚಪ್ಪಟಿ ಆಗ್ತದ. ಅಂದ್ರ ಕಾರ್ಡ್ 850 ಮಿಲಿವೋಲ್ಟ್ ದಾಟಿ ಹೋಗಲ್ಲ. ಟೈಮ್ ಸ್ಪೈ ಸ್ಟ್ರೆಸ್ ಟೆಸ್ಟ್ ಓಡಸ್ರಿ, ಅದು ಪಾಸ್ ಆದ್ರೂ ನೆಚ್ಚಬ್ಯಾಡ್ರಿ, ರೇ ಟ್ರೇಸಿಂಗ್ ಇರೋ ಗೇಮ್ ಎರಡು ಮೂರು ತಾಸು ಆಡ್ರಿ. ಬಿದ್ರ 15 ಮೆಗಾಹರ್ಟ್ಜ್ ಇಳಸ್ರಿ, ಇಲ್ಲಾಂದ್ರ ವೋಲ್ಟೇಜ್ 862 ಮಾಡ್ರಿ. ಸರಿ ಕೂತ ಮ್ಯಾಲ ಒಂದು ನಂಬರಿಗಿ ಸೇವ್ ಮಾಡಿ, ವಿಂಡೋಸ್ ಜೊತಿಗಿ ಶುರು ಆಗೋ ಬಟನ್ ಒತ್ರಿ.

102 ಅಂದ್ರ ಅಂಜಬ್ಯಾಡ್ರಿ, ಆದ್ರ ಈಗ ಚಳಿಗಾಲ ಅದ ಅನ್ನೋದು ನೆನಪಿರ್ಲಿ, ಮೇನಾಗ ಅದೇ 110 ಮುಟ್ತದ. ಸೆಕೆಂಡ್ ಹ್ಯಾಂಡ್ ಕಾರ್ಡ್ ಅಂತೀರಿ, 2022ರ ಸೆಪ್ಟೆಂಬರ್‌ನಾಗ ಎಥಿರಿಯಂ (ಡಿಜಿಟಲ್ ನಾಣ್ಯ) ಮೈನಿಂಗ್ ಬಂದ್ ಆದ ಮ್ಯಾಲ ಇಂಥ 3090 ಮಾರ್ಕೆಟಿಗಿ ರಾಶಿ ಬಂದಾವ, ಪ್ಯಾಡ್ ಒಣಗಿ ಎಣ್ಣಿ ಬಿಟ್ಟಿರ್ತಾವ. ಪ್ಯಾಡ್ ಬದಲಿ ಮಾಡಸ್ರಿ. ಆದ್ರ ಒಂದು ಎಚ್ಚರ, ಪ್ಯಾಡಿನ ದಪ್ಪ ಕಾರ್ಡಿನಿಂದ ಕಾರ್ಡಿಗಿ ಬ್ಯಾರೆ ಇರ್ತದ, ಅಂದಾಜಿಲೆ ದಪ್ಪಂದು ಹಾಕಿದ್ರ ಹೀಟ್‌ಸಿಂಕ್ ಕೋರಿಗಿ ಸರಿ ಕೂಡಲ್ಲ, ಮೆಮೊರಿ ತಣ್ಣಗಾಗಿ ಕೋರ್ ಸುಡ್ತದ. ಬಿಚ್ಚುವಾಗ ಹಳೇ ಪ್ಯಾಡ್ ಒತ್ತದ ಜಾಗದಾಗ ಅಳತಿ ತಗೋಬೇಕು. ತೊಗರಿ ರಾಶಿ ಹೊತ್ತಿನಾಗ ನಮ್ ಕಡಿ ಧೂಳ ಕೇಳಬ್ಯಾಡ್ರಿ, ಅದು ಮುಗಿದ ಮ್ಯಾಲ ಬ್ಲೋವರ್ ಒಂದು ಸಲ ಹೊಡೀರಿ, ಹೊಡಿಯುವಾಗ ಫ್ಯಾನ್ ರೆಕ್ಕಿ ಬೆರಳಿಲೆ ಹಿಡೀರಿ, ಬಿಟ್ರ ಗಾಳಿಗಿ ಮಿತಿ ಮೀರಿ ತಿರುಗಿ ಬೇರಿಂಗ್ ಹೋಗ್ತದ.

ಗುಂಬಜ್ ರೆಂಡರ್, ಬೀದರ್:

ಪೂರಾ ಥ್ರೆಡ್ ಓದ್ದೆ, ಎಲ್ಲಾ ಛಲೋ ಮಾತು. ಒಂದೇ ಒಂದು ಸೇರಸ್ತೀನಿ, ಎರಡು ಕಾರ್ಡ್ ಪದ್ಧತಿ ಗೇಮಿನಾಗ ಸತ್ತದ, ಕೆಲಸದಾಗ ಸತ್ತಿಲ್ಲ. ಹೊಸ ಹುಡುಗರು ಇದನ್ನ ಓದಿ ಎರಡು ಕಾರ್ಡ್ ಅಂದ್ರನೇ ಫಾಲ್ತು ಅಂತ ತಿಳ್ಕೋಬಾರ್ದು.

ನಾ ಮದಿವಿ ವಿಡಿಯೋ ಟೈಟಲ್, ಮನಿ ಕಟ್ಟೋವ್ರಿಗಿ 3ಡಿ ಎಲಿವೇಶನ್ ಮಾಡಿಕೊಡ್ತೀನಿ. ಬ್ಲೆಂಡರ್ ಅನ್ನೋ 3ಡಿ ಪ್ರೋಗ್ರಾಂನ ಸೈಕಲ್ಸ್ ರೆಂಡರ್‌ನಾಗ ಎರಡು ಕಾರ್ಡ್ ಟಿಕ್ ಮಾಡಿದ್ರ ಸಾಕು, ಬ್ರಿಜ್ ಬ್ಯಾಡ, ಪ್ರೊಫೈಲ್ ಬ್ಯಾಡ, ಕೆಲಸ ಎರಡಕ್ಕೂ ಹಂಚ್ಕೊಂಡು ಹೋಗ್ತದ, ಟೈಮ್ ಅರ್ಧದ ಹತ್ರ ಬರ್ತದ. ಯಾಕಂದ್ರ ಅಲ್ಲಿ ಪಾಳಿ ತಪ್ಪೋ ಮಾತಿಲ್ಲ, ಯಾವ ಪಿಕ್ಸೆಲ್ ಮೊದಲು ಬಂದ್ರೂ ನಡೀತದ, 16 ಮಿಲಿಸೆಕೆಂಡಿನ ಒಳಗ ಮುಗೀಬೇಕು ಅನ್ನೋ ಅವಸರಿಲ್ಲ. ನನ್ನ ಕಡೆ ಒಂದು 3090, ಒಂದು 3060 12 ಜಿಬಿದು ಅವ. ತೊಂದರಿ ಇಷ್ಟೇ, ಸೀನ್ ಎರಡೂ ಕಾರ್ಡಿನಾಗ ಪೂರಾ ಕೂಡಬೇಕು, 12 ಜಿಬಿ ದಾಟಿದ್ರ 3060 ನಿಧಾನ ಆಗ್ತದ.

ಮನಿ ಒಳಗೇ ಎಐ ಮಾಡಲ್ ಓಡಿಸೋವ್ರಿಗೂ ಎರಡು ಕಾರ್ಡ್ ಭಾಳ ಉಪಯೋಗ. 70 ಬಿಲಿಯನ್ ಪ್ಯಾರಾಮೀಟರಿನ ಮಾಡಲ್ 4 ಬಿಟ್‌ಗಿ ಕುಗ್ಗಿಸಿದ್ರ 40 ಜಿಬಿ ಸುತ್ತ ಆಗ್ತದ. ಅಲ್ಲಿ ಮಾತ್ರ 24 ಮತ್ತ 24 ಖರೇನೇ 48, ಅರ್ಧ ಲೇಯರ್ ಒಂದರಾಗ, ಅರ್ಧ ಇನ್ನೊಂದರಾಗ.

ಝಳದ ಬಗ್ಗೆ ಪರಸಿ ಅವ್ರು ಹೇಳಿದ್ದಕ್ಕ ನನ್ನ ಕೈ ಎತ್ತೀನಿ. ಬೀದರ್ ನಿಮಗಿಂತ ಎತ್ತರದಾಗ ಅದ, ಸ್ವಲ್ಪ ತಂಪು, ಆದ್ರೂ ನಾ ರಾತ್ರಿ ಪೂರಾ ರೆಂಡರ್ ಬಿಡುವಾಗ ಎನ್‌ವಿಡಿಯಾ ಎಸ್‌ಎಂಐ ಕಮಾಂಡ್‌ದಾಗ 3090ಕ್ಕ 250 ವ್ಯಾಟ್ ಕಟ್ಟಿ ಬಿಡ್ತೀನಿ. 350ರಿಂದ 250ಕ್ಕ ಇಳಿಸಿದ್ರ ಕೆಲಸ ಅಷ್ಟರ ಮಟ್ಟಿಗಿ ಇಳಿಯಲ್ಲ, ಕರೆಂಟ್ ಬಿಲ್ ಮಾತ್ರ ಇಳೀತದ.

ಭೀಮಾ ದಂಡಿ, ಯಾದಗಿರಿ:

ಗುಂಬಜ್ ಅವ್ರೇ ಖರೇ ಹೇಳಿದ್ರಿ. ಗೇಮಿನಾಗೂ ಒಂದು ಸಣ್ಣ ಸಂದಿ ಉಳದದ, ಸ್ಟೀಮ್‌ನಾಗ ಲಾಸ್‌ಲೆಸ್ ಸ್ಕೇಲಿಂಗ್ ಅಂತ ಪ್ರೋಗ್ರಾಂ ಸಿಗ್ತದ, ದೊಡ್ಡ ಕಾರ್ಡ್ ಗೇಮ್ ಓಡಸ್ತದ, ಹಳೇ ಸಣ್ಣ ಕಾರ್ಡ್ ನಡುವಿನ ಫ್ರೇಮ್ ಹುಟ್ಟಸ್ತದ. ಆದ್ರ ಅದು ಹುಟ್ಟಿಸಿದ ಫ್ರೇಮ್, ನೋಡ್ಲಿಕ್ಕ ನುಣ್ಣಗ ಕಾಣ್ತದ, ಮೌಸ್ ಕೈಗಿ ಸಿಗೋದು ಅದೇ 45ರದ್ದು. ಗುಂಡು ಹೊಡಿಯೋ ಗೇಮಿಗಿ ನಾ ಹೇಳಲ್ಲ. ಮನ್ಯಾಗ ಹಳೇ ಕಾರ್ಡ್ ಬಿದ್ದಿದ್ರ ನೋಡಬಹುದು, ಅದಕ್ಕಂತ ಇನ್ನೊಂದು 3090 ತರಬಾರ್ದು.

ಸೇಡಂ ರೋಡ್ ತಮ್ಮಾ, ಕಾರ್ಡಿಗಿಂತ ಮೊದಲು ಸೆಟ್ಟಿಂಗ್ ಮುಟ್ಟು. ಡಿಎಲ್‌ಎಸ್‌ಎಸ್ ಕ್ವಾಲಿಟಿಯಿಂದ ಬ್ಯಾಲೆನ್ಸ್‌ಡ್ ಅಥವಾ ಪರ್ಫಾರ್ಮೆನ್ಸ್‌ಗ ಇಳಸು. ಪರ್ಫಾರ್ಮೆನ್ಸ್ ಅಂದ್ರ ಒಳಗ 1080ಪಿ ಬಿಡಿಸಿ 4ಕೆಗಿ ಏರಸ್ತದ. 2025ರ ಜನವರಿದಾಗ ಬಂದ ಡಿಎಲ್‌ಎಸ್‌ಎಸ್‌ನ ಹೊಸ ಟ್ರಾನ್ಸ್‌ಫಾರ್ಮರ್ ಮಾಡಲ್ ನಿನ್ನ 30ರ ಸೀರೀಸಿಗೂ ನಡೀತದ, ಅದರಾಗ ಪರ್ಫಾರ್ಮೆನ್ಸ್ ಮೋಡ್ ಹಳೇದಕ್ಕಿಂತ ಎಷ್ಟೋ ಸ್ವಚ್ಛ ಕಾಣ್ತದ. ಓವರ್‌ಕ್ಲಾಕ್ ಎರಡು ಫ್ರೇಮ್ ಕೊಡೋ ಕಡೆ ಇದೊಂದು ಗುಂಡಿ ಹದಿನೈದು ಇಪ್ಪತ್ತು ಫ್ರೇಮ್ ಕೊಡ್ತದ. ಅಷ್ಟಾದ ಮ್ಯಾಲೂ ಸಾಲದಿದ್ರ 3090 ಮಾರಿ, ಎರಡನೇ ಕಾರ್ಡಿಗಿ ಅಂತ ತೆಗೆದಿಟ್ಟ ರೊಕ್ಕ ಸೇರಿಸಿ 5070 ಟಿಐ ಅಂಥದ್ದು ತಗೋ. ಅದು 300 ವ್ಯಾಟಿಂದು, ಗೇಮಿನಾಗ 3090ಕ್ಕಿಂತ ಮುಂದ ಅದ, ಮೆಮೊರಿ 16ಏ ಆದ್ರೂ ಆಡೋರಿಗಿ ಸಾಕು, ಮತ್ತ ರೂಮಿಗಿ ಝಳ ಕಮ್ಮಿ.

ಸೇಡಂ ರೋಡ್ ಗೇಮರ್, ಕಲಬುರಗಿ:

ಅಣ್ಣೋರೆ, ಪರಸಿ ಅಣ್ಣ ಹೇಳಿದಂಗೇ ಮಾಡ್ದೆ. 850ಕ್ಕ 1770 ಟೈಮ್ ಸ್ಪೈ ಪಾಸಾಯ್ತು, ಸೈಬರ್‌ಪಂಕ್‌ನಾಗ ಬಿತ್ತು, 1755 ಮಾಡಿದ ಮ್ಯಾಲ ಬಿದ್ದಿಲ್ಲ. ಮೊದಲು 345-350 ಎಳೀತಿತ್ತು, ಈಗ 280-285. ಕೋರ್ 75 ಇದ್ದದ್ದು 67, ಮೆಮೊರಿ 102 ಇದ್ದದ್ದು 94. ಎಫ್‌ಪಿಎಸ್ ಒಂದು, ಭಾಳಂದ್ರ ಎರಡು ಕಮ್ಮಿ, ಆದ್ರ ಮೊದಲು ಅರ್ಧ ತಾಸು ಆಡಿದ ಮ್ಯಾಲ ಕ್ಲಾಕ್ ಏರ್ತಾ ಇಳೀತಾ ಇತ್ತು, ಈಗ ಗೆರಿ ಎಳದಂಗ ಒಂದೇ ಕಡೆ ನಿಲ್ತದ, ಆಡ್ಲಕ ಇದೇ ನುಣ್ಣಗ ಅನಸ್ತದ. ಫ್ಯಾನ್ ಸಪ್ಪಳ ಎಷ್ಟು ಇಳಿದದ ಅಂದ್ರ ನಮ್ಮವ್ವ ಬಂದು ಕಂಪ್ಯೂಟರ್ ಬಂದ್ ಮಾಡ್ದಿ ಏನೋ ಅಂತ ಕೇಳಿದ್ಳು. ಡಿಎಲ್‌ಎಸ್‌ಎಸ್ ಪರ್ಫಾರ್ಮೆನ್ಸ್ ಮಾಡಿ 60ರ ಮ್ಯಾಲ ಆಡ್ಲಕತ್ತೀನಿ, ಕೂತು ನೋಡೋ ದೂರದಿಂದ ನಂಗೇನು ಫರಕ್ ಕಾಣಲ್ಲ. ಪ್ಯಾಡ್ ಫೆಬ್ರುವರಿ ಒಳಗ ಬದಲಿ ಮಾಡಸ್ತೀನಿ, ಬಿಸಿಲು ಏರೋದ್ರೊಳಗ.

ಗುಂಬಜ್ ಅಣ್ಣಾ, ನಿಮಗ ಒಂದು ಮಾತು. ನನ್ನ ದೋಸ್ತನ 3090 ಇನ್ನೂ ಮಾರಿಲ್ಲ, ನಿಮಗ ರೆಂಡರಿಗಿ ಬೇಕಾದ್ರ ಅವನಿಗಿ ಹೇಳ್ಲೇನು?

ಗುಂಬಜ್ ರೆಂಡರ್, ಬೀದರ್:

ಹೇಳ್ರಿ ಹೇಳ್ರಿ, 3060 ತೆಗದು ಅಲ್ಲಿ 3090 ಕೂಡಿಸಬೇಕಂತ ನಾನೇ ಹುಡುಕ್ಲಕತ್ತೀನಿ. ಆದ್ರ ಸುಮ್ನ ಫೋಟೋ ನೋಡಿ ತಗೊಳ್ಳಲ್ಲ. ಅರ್ಧ ತಾಸು ಲೋಡ್ ಹಾಕಿ ಹೆಚ್‌ಡಬ್ಲ್ಯುಇನ್ಫೋದಾಗ ಕೋರ್, ಹಾಟ್ ಸ್ಪಾಟ್ (ಚಿಪ್ಪಿನಾಗ ಎಲ್ಲಾಕಿಂತ ಸುಡೋ ಜಾಗ), ಮೆಮೊರಿ ಜಂಕ್ಷನ್ ಮೂರೂ ಕಾಣೋ ಹಂಗ ಫೋಟೋ ಹೊಡೀಲಿ. ಕೋರಿಗೂ ಹಾಟ್ ಸ್ಪಾಟಿಗೂ 20 ಡಿಗ್ರಿಗಿಂತ ಜಾಸ್ತಿ ಫರಕ್ ಇದ್ರ ಥರ್ಮಲ್ ಪೇಸ್ಟ್ ಒಣಗ್ಯಾದ ಅಂತ ತಿಳ್ಕೋತೀನಿ, ಅದಕ ರೇಟ್ ಮಾತಾಡಬೇಕು. ಯಾರಾದ್ರೂ ಬಿಚ್ಚ್ಯಾರೇನು, ಪ್ಯಾಡ್ ಬದಲಿ ಮಾಡಿದ್ರ ಎಷ್ಟು ದಪ್ಪಂದು ಹಾಕ್ಯಾರ ಅಂತ ಕೇಳ್ರಿ. ಕಾರ್ಡಿನ ದಪ್ಪ ಎಷ್ಟು ಸ್ಲಾಟಿಂದು ಅನ್ನೋದೂ ಬೇಕು, ನನ್ನ ಬೋರ್ಡಿನಾಗ ಎರಡು ಕಾರ್ಡಿನ ನಡುವ ಒಂದು ಸ್ಲಾಟ್ ಖಾಲಿ ಉಳೀಬೇಕು, ಮೂರು ಸ್ಲಾಟಿಗಿಂತ ದಪ್ಪ ಇದ್ರ ನಂಗ ಆಗಲ್ಲ. ಸರಿ ಇದ್ರ ನಾನೇ ನಿಮ್ಮ ದೋಸ್ತನ ಕಡೆ ಹೋಗಿ ಮುಂದೇ ಕೂತು ಓಡ್ಸಿ ನೋಡಿ ತರ್ತೀನಿ.